ಕರೆಸಿಕೊಂಡ ಜ್ವರ

ಮೊನ್ನೆ ಕೊಪ್ಪಳದಿಂದ ನರ್ಸಿಂಗ್ ಓದುವ ಹುಡುಗಿಯರು ಕೆಲವರು ನಮ್ಮ ಮನೆಗೆ ಬಂದಿದ್ದರು. ಹಳೆಯ ಕಾಲದ ನರ್ಸು ಹೇಗಿರುತ್ತಾಳೆ ಎಂದು ನೋಡುವ ಆಸೆಯಂತೆ. ನೋಡಿದರು. ಗಾಜಿನ ಸಿರಿಂಜನ್ನು ಕುದಿಸಿ ಕುದಿಸಿ ಬಳಸುತ್ತಿದ್ದೆವು, ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆಯುತ್ತಿದ್ದೆವು ಎಂದಾಗ ಒಬ್ಬಳು ತನ್ನ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಚಹಾ ಕುಡಿಯುತ್ತ ಅವರಲ್ಲೊಬ್ಬ ಚೂಟಿ ಹುಡುಗಿ ಹೊಸ ಚಿಕಿತ್ಸೆಯೊಂದರ ಮಾತು ತೆಗೆದಳು. ರಕ್ತದ ಕ್ಯಾನ್ಸರ್ ಆದವರ ಮೈಯಿಂದಲೇ ಜೀವಕೋಶ ತೆಗೆದು, ಅದಕ್ಕೆ ರೋಗದ ಗುರುತು ಕಲಿಸಿ, ಮರಳಿ ಮೈಗೆ ಬಿಡುತ್ತಾರಂತೆ. ಬಿಟ್ಟ ಮೇಲೆ ಕೆಂಡದಂಥ ಜ್ವರ, ನಡುಕ, ಬಿ.ಪಿ. ಇಳಿಯುವುದು, ಕೆಲವರಿಗೆ ಮಾತೇ ತಡವರಿಸುವುದು.

“ಔಷಧ ಕೊಟ್ರ ಜ್ವರ ಇಳೀಬೇಕಲ್ರಿ ಅಮ್ಮಾ. ಇದೆಂಥಾ ಔಷಧ, ಜ್ವರಾ ಏರಸೋದು?” ಎಂದಳು.

ನನಗೆ ನಗು ಬಂತು. ಇದೇ ಪ್ರಶ್ನೆಯನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಗಂಗಾವತಿಯ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಕೇಳಿದ್ದೆ. ಆಗ ಸಿಕ್ಕ ಉತ್ತರ ಅರ್ಧ. ಉಳಿದರ್ಧ ಇನ್ನೂ ಸಿಕ್ಕಿಲ್ಲ. ನನಗೆ ಯಾವಾಗ ಬಡ್ತಿ ಬಂತು, ಯಾವ ಊರಿನಲ್ಲಿ ಹಾರ ಹಾಕಿ ಬೀಳ್ಕೊಟ್ಟರು ಎಂಬುದೆಲ್ಲ ಪಿಂಚಣಿ ಕೊಡುವವರಿಗೆ ಗೊತ್ತಿದೆ, ಅಷ್ಟು ಸಾಕು. ಆ ಹುಡುಗಿಯ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಬರೆದಿಡುತ್ತೇನೆ.

ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಯ ತಾಲೂಕುಗಳು. ನನ್ನ ಮೊದಲ ಕೆಲಸ ಯಲಬುರ್ಗಾ ಕಡೆಗೆ, ಕೂಸುಗಳಿಗೆ ಬಿ.ಸಿ.ಜಿ. ಲಸಿಕೆ ಹಾಕುವುದು. ಕ್ಷಯ ಬಾರದಿರಲಿ ಎಂದು ಹಾಕುವ ಈ ಲಸಿಕೆಯಲ್ಲಿರುವುದು ಸತ್ತ ಔಷಧವಲ್ಲ, ಕ್ಷಯದ ಜಾತಿಯದೇ ಆದ, ಹಲ್ಲು ಕಿತ್ತ ಜೀವಂತ ರೋಗಾಣು. ಅದಕ್ಕೆ ಬಿಸಿಲು ಆಗದು, ಬಿಸಿ ಆಗದು. ರಾಯಚೂರಿನಿಂದ ಬಸ್ಸಿನಲ್ಲಿ ಬರ್ಫದ ಡಬ್ಬಿಯಲ್ಲಿಟ್ಟು ತರುತ್ತಿದ್ದರು. ಕಂಡಕ್ಟರುಗಳು ಅದನ್ನು ಐಸ್‌ಕ್ಯಾಂಡಿ ಡಬ್ಬಿ ಎಂದೇ ತಿಳಿದಿದ್ದರು.

ಬೇವೂರಿನಲ್ಲಿ ಲಸಿಕೆ ಹಾಕಿ ಬಂದ ಕೆಲ ವಾರಗಳ ಮೇಲೆ ಮತ್ತೆ ಅದೇ ಓಣಿಗೆ ಹೋದಾಗ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ನನ್ನ ದಾರಿಗೆ ಅಡ್ಡ ನಿಂತಳು.

“ಏನ್ ಚುಚ್ಚಿ ಹೋದೆವಾ ನೀ? ಆರಾಮಿದ್ದ ಕೂಸಿನ ತೋಳಿಗೆ ಹುಣ್ಣ ಮಾಡಿದಿ!”

“ಹುಣ್ಣ ಆಗಬೇಕವಾ. ಆದ್ರನ ಔಷಧ ಹತ್ತೈತಿ ಅಂತ ಅರ್ಥ,” ಎಂದೆ, ತರಬೇತಿಯಲ್ಲಿ ಕಲಿಸಿದ್ದನ್ನು ಗಿಳಿಪಾಠದಂತೆ.

“ಹುಣ್ಣ ಆಗ್ಲಿ ಅಂತ ಔಷಧ ಕೊಡೋ ದವಾಖಾನಿ ಇದೊಂದ ನೋಡಿದ್ನೆವಾ ನಾ!” ಎಂದಳು. ಓಣಿಯೇ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆದರೆ ಅವಳ ಮಾತು ತಲೆಯಲ್ಲಿ ಉಳಿಯಿತು. ಲಸಿಕೆಯ ಹುಣ್ಣಾಗಲಿ ಜ್ವರವಾಗಲಿ ಔಷಧದ ತಪ್ಪೋ, ಔಷಧದ ಕೆಲಸವೋ?

ಅಲ್ಲಿಂದ ಗಂಗಾವತಿಗೆ ವರ್ಗವಾಯಿತು. ಯಲಬುರ್ಗಾದ ಒಣನೆಲದಿಂದ ಬಂದವಳಿಗೆ ಕಾಲುವೆ, ಭತ್ತದ ಗದ್ದೆ ನೋಡಿ ಕಣ್ಣು ತಂಪಾಯಿತು. ಸೊಳ್ಳೆಗಳಿಗೂ ಹಾಗೆಯೇ ಆಗಿತ್ತು. ನಾಟಿಯ ಕಾಲ ಬಂತೆಂದರೆ ಮನೆಮನೆಗೂ ಚಳಿಜ್ವರ. ಮಲೇರಿಯಾ ಕೆಲಸಗಾರರು ಮನೆಮನೆಗೆ ಬಂದು, ಜ್ವರವೆಂದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡು, ಕಹಿ ಗುಳಿಗೆ ನುಂಗಿಸಿ ಹೋಗುತ್ತಿದ್ದರು. ಆ ಪಟ್ಟಿಗಳನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡುವವರು ನಮ್ಮ ಲ್ಯಾಬಿನ ಖಾಜಾಸಾಬರು. ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಇದ್ದದ್ದು ಎರಡೇ ಜ್ವರ: ಒಂದು ಮಲೇರಿಯಾ, ಇನ್ನೊಂದು ಇನ್ನೂ ಸಿಗದ ಮಲೇರಿಯಾ.

ನಮ್ಮ ಮೇಲಿನವರು ಡಾಕ್ಟರ್ ಕುಲಕರ್ಣಿ. ನಾನು ಹಲವು ಡಾಕ್ಟರರ ಕೈಕೆಳಗೆ ದುಡಿದಿದ್ದೇನೆ. ಹೆಚ್ಚಿನವರು ಗೊತ್ತಿಲ್ಲದಾಗ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರು. ಕುಲಕರ್ಣಿಯವರು ಮಾತ್ರ ರೋಗಿಯ ಎದುರೇ “ನನಗ ಗೊತ್ತಿಲ್ಲ, ನೋಡೂಣು” ಎನ್ನುತ್ತಿದ್ದರು. ಹಾಗೆಂದು ಸುಮ್ಮನಿರುತ್ತಿರಲಿಲ್ಲ, ನಿಜವಾಗಿಯೂ ನೋಡುತ್ತಿದ್ದರು. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಬೈಗುಳ ನಾಲಿಗೆಯ ತುದಿಯಲ್ಲಿ. ಆದರೂ ಅವರ ಕೈಕೆಳಗಿನ ಕೆಲಸವನ್ನು ನಾನು ಇಂದಿಗೂ ನೆನೆಯುತ್ತೇನೆ.

ಅವರ ಬಳಿಗೆ ಗಿರಿಜವ್ವ ಬಂದಳು. ಹೇಮಗುಡ್ಡದ ಹಾದಿಯಲ್ಲಿ ಅವಳ ಗಂಡನ ಊರು. ಹರೆಯದ ಹೆಣ್ಣುಮಗಳು, ಕೌದಿ ಹೊಲಿಯುವುದರಲ್ಲಿ ಕೈ ಪಳಗಿದವಳು. ಮೈಯೆಲ್ಲ ಬಿಳಿಚಿ, ಒಸಡಿನಿಂದ ರಕ್ತ ಬರುತ್ತಿದ್ದಾಗ ಮುಂಬೈಯ ಬಟ್ಟೆ ಗಿರಣಿಯಲ್ಲಿದ್ದ ಅವಳ ಅಣ್ಣ ಅಲ್ಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದ. ರಕ್ತದ ಕ್ಯಾನ್ಸರ್. ಅಲ್ಲಿ ಕಟುವಾದ ಔಷಧ ಕೊಟ್ಟರು. ಕೂದಲು ಹೋಯಿತು, ರೋಗವೂ ತಗ್ಗಿತು. ತಗ್ಗಿದ್ದು ಮತ್ತೆ ತಲೆಯೆತ್ತದ ಹಾಗೆ ಏನು ಮಾಡುವುದು? ಆ ಕಾಲದಲ್ಲಿ ದೊಡ್ಡ ಊರುಗಳಲ್ಲಿ ಒಂದು ಪ್ರಯೋಗ ನಡೆದಿತ್ತು. ಬಿ.ಸಿ.ಜಿ.ಯನ್ನು ಮೇಲಿಂದ ಮೇಲೆ ಮೈಗೆ ಹಚ್ಚಿ, ಮೈಯ ಕಾವಲುಗಾರರನ್ನು ಬಡಿದೆಬ್ಬಿಸುವುದು. ಎದ್ದವರು ಕ್ಷಯದ ನೆಪದಲ್ಲಿ ಕ್ಯಾನ್ಸರಿನ ಮೇಲೂ ಬೀಳಲಿ ಎಂಬ ಆಸೆ. ಮುಳ್ಳಿನಿಂದ ಮುಳ್ಳು ತೆಗೆಯುವ ಲೆಕ್ಕ. ವಾರವಾರ ಮುಂಬೈಗೆ ಹೋಗಲಾಗದು, ಅಲ್ಲೇ ಇರಲು ಮನೆಯಿಲ್ಲ. ಮುಂಬೈಯವರು ವಿಧಾನವನ್ನು ಬರೆದು ಕಳಿಸಿ, ಅದನ್ನು ಇಲ್ಲಿಯೇ ಮಾಡುವಿರಾ ಎಂದು ಕೇಳಿದ್ದರು.

ಕುಲಕರ್ಣಿಯವರು ನನ್ನನ್ನು ಕರೆದರು. “ಸಿಸ್ಟರ್, ಬಿ.ಸಿ.ಜಿ.ಯಾಗ ನಿಮ್ಮ ಕೈ ಪಳಗೈತಿ. ಮಾಡತೀರೇನು?”

“ಇದು ಕೂಸಿನ ಲಸಿಕಿ ಅಲ್ರಿ ಸರ್? ಕ್ಯಾನ್ಸರಿಗೆ ಹ್ಯಾಂಗ ನಡೀತೈತ್ರಿ?”

“ನನಗ ಗೊತ್ತಿಲ್ಲ. ಅವರಿಗೂ ಪೂರಾ ಗೊತ್ತಿಲ್ಲ. ನೋಡೂಣು.”

ಕೂಸಿಗೆ ಹಾಕಿದಂತೆ ಒಂದು ಚುಚ್ಚಿಗೆ ಮುಗಿಯುವ ಕೆಲಸ ಅದಲ್ಲ. ತೋಳು ಅಥವಾ ತೊಡೆಯ ಮೇಲೆ ಅಂಗೈಗಿಂತ ಕಿರಿದಾದ ಜಾಗದಲ್ಲಿ, ರಕ್ತ ಹರಿಯದಷ್ಟು ಹಗುರಾಗಿ, ಸೂಜಿಯ ತುದಿಯಿಂದ ಉದ್ದಕ್ಕೂ ಅಡ್ಡಕ್ಕೂ ಗೀರೆಳೆಯಬೇಕು. ಆ ಚೌಕಳಿಯ ಮೇಲೆ ಲಸಿಕೆ ಸವರಿ ಒಣಗಲು ಬಿಡಬೇಕು. ಒಂದು ವಾರ ಬಲದೋಳು, ಮುಂದಿನ ವಾರ ಎಡದೋಳು, ಆಮೇಲೆ ತೊಡೆ. ನಾನು ಉಸಿರು ಬಿಗಿಹಿಡಿದು ಗೀರೆಳೆಯುತ್ತಿದ್ದರೆ ಗಿರಿಜವ್ವ ಕತ್ತು ಹೊರಳಿಸಿ ನೋಡುತ್ತಿದ್ದಳು.

“ಅಕ್ಕಾರ, ನಿಮ್ಮ ಹೊಲಿಗಿ ಸೊಟ್ಟ ಆಗೈತ್ರಿ. ನಮ್ಮತ್ತಿ ನೋಡಿದ್ರ ಬಿಚ್ಚಿ ಮತ್ತ ಹೊಲಿ ಅಂತಾಳ,” ಎಂದಳು. ನೋವಿನಲ್ಲೂ ಕೀಟಲೆ ಬಿಡದ ಹೆಣ್ಣು ಅದು. ನನಗೆ ಅಲ್ಲಿಯೇ ಅವಳ ಮೇಲೆ ಮಮತೆ ಹುಟ್ಟಿತು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ಸಲ ಗೀರು ಕೆಂಪಾಗಿ ತುರಿಸಿತು, ಸಂಜೆಗೆ ಜ್ವರ. ಮಲೇರಿಯಾ ಕೆಲಸಗಾರ ಬಂದು ಬೆರಳು ಚುಚ್ಚಿ ಕಹಿ ಗುಳಿಗೆ ನುಂಗಿಸಿದ. ಮೂರನೆಯ ಸಲ ನಡುಕ ಹತ್ತಿ ಎರಡು ಕೌದಿ ಹೊದಿಸಿದರೂ ನಿಲ್ಲಲಿಲ್ಲವಂತೆ. ಹಳೆಯ ಚೌಕಳಿಗಳೂ ಎದ್ದು ಗುಳ್ಳೆಯಾಗಿ ಕೀವು ತುಂಬಿತು, ಕಂಕುಳಲ್ಲಿ ಗಡ್ಡೆ. ಮತ್ತೆ ಮಲೇರಿಯಾದವನು ಬಂದ, ಮತ್ತೆ ಕಹಿ ಗುಳಿಗೆ. ಖಾಜಾಸಾಬರ ಪಟ್ಟಿಯಲ್ಲಿ ಮಾತ್ರ ಏನೂ ಇಲ್ಲ. ಸುದ್ದಿ ತಿಳಿದ ಕುಲಕರ್ಣಿಯವರು ಸಿಡುಕಿದರು: “ಅದು ಮಲೇರಿಯಾ ಅಲ್ಲ, ನಾವು ಹಚ್ಚಿದ ಔಷಧದ ಜ್ವರ. ಪ್ರತಿ ಸಲ ಆ ಗುಳಿಗಿ ನುಂಗಿ ಹೊಟ್ಟಿ ಕೆಡಿಸಿಕೋಬ್ಯಾಡಂತ ಹೇಳ್ರಿ ಆಕಿಗೆ.”

ಹೇಳಲು ಹೋದೆ. ಗಿರಿಜವ್ವನ ಮನೆಯ ಬಾಗಿಲಿಗೆ ಬೇವಿನ ತೋರಣ ಕಟ್ಟಿತ್ತು. ಹೊಸ್ತಿಲಲ್ಲಿ ಅತ್ತೆ ದುರುಗವ್ವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಹೇಮಗುಡ್ಡದ ದುರ್ಗವ್ವ ದೇವಿಗೆ ನಡೆದುಕೊಳ್ಳುವ ಹೆಂಗಸು. ಊರಲ್ಲಿ ಸಿಡುಬು ಇದ್ದ ಕಾಲದಲ್ಲಿ ಎಷ್ಟೋ ಮಂದಿಗೆ ಬೇವಿನೆಲೆಯಿಂದ ಗಾಳಿ ಹಾಕಿದವಳು.

“ಒಳಗ ಬರಬ್ಯಾಡವಾ ನರ್ಸಬಾಯಿ. ಸೊಸಿಗೆ ಅಮ್ಮ ಬಂದಾಳ. ಜ್ವರಾ ನೋಡು, ಗುಳ್ಳಿ ನೋಡು. ಅಮ್ಮ ಇರೋ ತನಾ ಮನ್ಯಾಗ ಸೂಜಿ ಇಲ್ಲ, ಗುಳಿಗಿ ಇಲ್ಲ, ಒಗ್ಗರಣಿ ಸೈತ ಇಲ್ಲ.”

ಅಮ್ಮ ಎಂದರೆ ಸಿಡುಬಿನ ದೇವಿ. ಸಿಡುಬು ಹೋಗಿ ವರ್ಷಗಳಾಗಿದ್ದವು, ದೇವಿಯ ಮರ್ಯಾದೆ ಹೋಗಿರಲಿಲ್ಲ. ಜಗಳಕ್ಕೆ ನಿಂತರೆ ಚಿಕಿತ್ಸೆ ಅಲ್ಲಿಗೇ ಮುಗಿಯುತ್ತದೆ. ಚಿಕಿತ್ಸೆ ನಿಂತರೆ ಈ ಹುಡುಗಿ ಉಳಿಯುತ್ತಾಳೋ ಇಲ್ಲವೋ. ನಾನು ಕಟ್ಟೆಯ ಮೇಲೆ ಕೂತು, ಉಪಾಯ ಮಾಡದೆ ಇದ್ದದ್ದು ಇದ್ದ ಹಾಗೆ ಹೇಳಿದೆ. “ಯವ್ವಾ, ಇದು ತಾನಾಗೇ ಬಂದ ಬ್ಯಾನಿ ಅಲ್ಲ. ನಾವ ಬೇಕಂತ ಒಂದು ಸಣ್ಣ ಬ್ಯಾನಿ ಕರಸೀವಿ. ಅದು ಬಂದು ದೊಡ್ಡ ಬ್ಯಾನಿಗೆ ಹೆದರಸ್ಲಿ ಅಂತ.”

ದುರುಗವ್ವ ಸೊಂಟದ ಮೇಲಿನ ಕೈ ತೆಗೆದಳು.

“ಅಂದ್ರ ನೀವ ಕರದೀರಿ.”

“ಹೌದು.”

“ಕರದ ಮ್ಯಾಲೆ ಮರ್ಯಾದಿ ಮಾಡಬೇಕಿಲ್ಲೋ? ಸುಮ್ನ ಗೀರಿ ಹೋಗಿಬಿಟ್ರ ಆತೇನು?”

ಹೀಗೆ ಒಪ್ಪಂದವಾಯಿತು. ಸೂಜಿಯ ದಿನ ಬಾಗಿಲಿಗೆ ಬೇವು, ಜ್ವರ ಇಳಿಯುವವರೆಗೆ ಸಪ್ಪೆ ಅಡುಗೆ. ಗಾಯಕ್ಕೆ ಅರಿಶಿನ ಬೇವು ಅರೆದು ಹಚ್ಚಬಾರದು ಎಂಬುದು ನನ್ನ ಶರತ್ತು. ನೊಣ ಕೂರದಂತೆ ಬೇವಿನ ಟೊಂಗೆಯಿಂದ ಗಾಳಿ ಹಾಕಬಹುದು. ದಿನಾ ಬೆಳಿಗ್ಗೆ ದುರುಗವ್ವನೇ ಸೊಸೆಯ ತೋಳು ತೊಡೆ ನೋಡಿ ಗಾಳಿ ಹಾಕುವಳು. ಈ ಒಪ್ಪಂದ ಕೇಳಿ ಕುಲಕರ್ಣಿಯವರು, “ದೇವಿ ಹೆಸರಿನಾಗರ ದಿನಾ ಗಾಯ ನೋಡೋರು ಸಿಕ್ರಲ್ಲ, ನಮ್ಮ ವಾರ್ಡಿನಾಗ ಒಬ್ಬರೂ ನೋಡೂದಿಲ್ಲ” ಎಂದು ನನಗೇ ಚುಚ್ಚಿದರು.

ವಾರಗಳು ಕಳೆದವು. ಆ ಮನೆಯಲ್ಲಿ ಜ್ವರಗಳಿಗೆ ಹೆಸರು ಬಂದವು. ಲಸಿಕೆ ಹಾಕಿದ ಸಂಜೆ ಬರುವುದು ಸೂಜಿ ಜ್ವರ. ಸೊಳ್ಳೆಯಿಂದ ಬರುವುದು ಕಾಲುವೆ ಜ್ವರ. ಗಿರಿಜವ್ವ ಸೂಜಿ ಜ್ವರವನ್ನು ನೆಂಟರನ್ನು ಕಾಯುವಂತೆ ಕಾಯತೊಡಗಿದಳು. ಜ್ವರ ಜೋರಾದಷ್ಟೂ ಔಷಧ ಜೋರು ಎಂದು ಅವಳ ನಂಬಿಕೆ. ಮುಂಬೈಯವರೂ ಮೈ ಉತ್ತರ ಕೊಡುವುದು ಒಳ್ಳೆಯ ಗುರುತು ಎಂದಿದ್ದರು, ನಾನೂ ಬೇವೂರಿನ ಆ ತಾಯಿಗೆ ಹೇಳಿದ್ದು ಅದನ್ನೇ ಅಲ್ಲವೇ! ಆದರೆ ಎಷ್ಟು ಉತ್ತರ ಒಳ್ಳೆಯದು, ಎಷ್ಟು ಹೆಚ್ಚಾಯಿತು ಎಂದು ಯಾರೂ ಹೇಳಿರಲಿಲ್ಲ.

ಮುಂದೆ ಒಂದು ಸಲ ಅತಿಯೇ ಆಯಿತು. ಜ್ವರ ಇಳಿಯಲೇ ಒಲ್ಲದು, ಗಾಯ ಆಳವಾಗಿ ಕೀವು ಸೋರಿತು, ಊಟ ಸೇರದು. ಹಲ್ಲು ಕಿತ್ತ ರೋಗಾಣು ಬಲವಿಲ್ಲದ ಮೈಯಲ್ಲಿ ಹಲ್ಲು ಮೊಳೆಸಿಕೊಂಡರೆ ಎಂಬ ಹೆದರಿಕೆ ಕುಲಕರ್ಣಿಯವರಿಗೆ. ಕ್ಷಯದ ಗುಳಿಗೆ ಕೊಟ್ಟು, ಕೆಲವು ವಾರ ಲಸಿಕೆ ನಿಲ್ಲಿಸಿದರು. ಆಮೇಲೆ ಲಸಿಕೆಯನ್ನು ತೆಳುವಾಗಿಸಿ, ಕಡಿಮೆ ಮಾಡಿ ಹಾಕಿಸಿದರು. ಗಾಯಗಳು ಒಣಗಿ ಹಕ್ಕಳೆ ಕಟ್ಟಿದವು. ಜ್ವರ ಬರಲಿಲ್ಲ. ನಮಗೆ ನಿರಾಳ, ಗಿರಿಜವ್ವನಿಗೆ ಸಿಟ್ಟು.

“ನೀರ ಕೂಡಿಸಿ ಹಾಕಾಕತ್ತೀರಿ, ಹಾಲ ಮಾರೋರಂಗ. ಜ್ವರ ಬರಲಿಲ್ಲಂದ್ರ ಔಷಧ ಏನ್ ಮಾಡತೈತ್ರಿ? ನಾ ಬದಕಬೇಕ್ರಿ ಅಕ್ಕಾರ!”

ಕೊನೆಯ ಮಾತನ್ನು ಅವಳು ಕೀಟಲೆಯಿಂದ ಹೇಳಲಿಲ್ಲ. ನಾನು ಏನೋ ಸಮಾಧಾನ ಹೇಳಿ ಕಳಿಸಿದೆ.

ನಾಟಿಯ ಕಾಲ ಬಂತು. ಒಂದು ಬೆಳಿಗ್ಗೆ ದುರುಗವ್ವ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಬಂದು, ಸರದಿಯನ್ನೆಲ್ಲ ದಾಟಿ ಡಾಕ್ಟರರ ಮೇಜಿನ ಮುಂದೆ ನಿಂತಳು. ಅವರು ಬೈಯಲು ಬಾಯಿ ತೆರೆದರು. ಅವಳು ಬಿಡಲಿಲ್ಲ.

“ಸಾಹೇಬ್ರ, ಸೊಸಿಗೆ ಜ್ವರ ಬಂದೈತ್ರಿ. ಹಲ್ಲ ಕಟಕಟ ಅಂತಾವ. ಒಂದಿನ ಬಿಟ್ಟು ಒಂದಿನ ಬರಾಕತ್ತೈತಿ. ಆಕಿಗೆ ಹಿಗ್ಗು. ಔಷಧ ಮತ್ತ ಹತ್ತೈತಿ, ಯಾರಿಗೂ ಹೇಳಬ್ಯಾಡ್ರಿ, ಹೇಳಿದ್ರ ಅವರು ಮತ್ತ ನಿಲ್ಲಸ್ತಾರ ಅಂತಾಳ. ಮಲೇರಿಯಾದಂವ ಬಂದ್ರ ಇದು ಸೂಜಿ ಜ್ವರ ಅಂತ ಹೊಳ್ಳಿ ಕಳಿಸ್ಯಾಳ.”

“ಮತ್ತ ನೀ ಯಾಕ ಬಂದಿ?”

“ದಿನಾ ಗಾಯ ನೋಡಾಕಿ ನಾನ್ರಿ. ಗಾಯ ಒಣಗಿ ಸುಮ್ನ ಅದಾವ, ಒಂದ್ರ ಕಣ್ಣೂ ಕೆಂಪಾಗಿಲ್ಲ. ಕರಸಿಕೊಂಡ ಅಮ್ಮ ಗಾಯದಾಗ ಕಾಣಸ್ಕೊಳ್ಳಲಾರದ ಬರೇ ಜ್ವರ ತರ್ತಾಳೇನ್ರಿ? ಇದು ಆಕಿ ಅಲ್ಲ. ಬ್ಯಾರೆ ಯಾರೋ ಬಂದಾರ.”

ಕುಲಕರ್ಣಿಯವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಅವರ ಮನಸ್ಸಿನಲ್ಲಿ ಏನು ಬಂತೆಂದು ನನಗೂ ಗೊತ್ತಾಯಿತು. ಮಲೇರಿಯಾ ಇರಬಹುದು, ಕ್ಯಾನ್ಸರೇ ಮರಳಿರಬಹುದು. ಮರಳಿದ್ದರೆ ರಕ್ತದಲ್ಲಿ ಕೆಟ್ಟ ಬಿಳಿ ಕಣಗಳು ತುಂಬಿರುತ್ತವೆ. ಆಸ್ಪತ್ರೆಯ ಜೀಪಿನಲ್ಲಿ ನನ್ನನ್ನೂ ದುರುಗವ್ವನನ್ನೂ ಕಳಿಸಿದರು. ಗಿರಿಜವ್ವ ಕೌದಿಯೊಳಗೆ ಗಡಗಡ ನಡುಗುತ್ತಿದ್ದಳು, ಆದರೂ ನನ್ನನ್ನು ನೋಡಿ ಗೆದ್ದವಳಂತೆ ನಕ್ಕಳು. “ನೋಡ್ರಿ ಅಕ್ಕಾರ, ನಿಮ್ಮ ನೀರ ಔಷಧಾನೂ ಹತ್ತೈತಿ!” ಬೆರಳು ಚುಚ್ಚಿ ರಕ್ತ ಸವರಿಕೊಂಡು, ಅವಳನ್ನೂ ಜೀಪಿಗೆ ಹತ್ತಿಸಿಕೊಂಡು ಬಂದೆ.

ಖಾಜಾಸಾಬರು ಪಟ್ಟಿಗೆ ಬಣ್ಣ ಹಾಕಿ ಒಣಗಿಸುವವರೆಗೆ ಡಾಕ್ಟರು ಲ್ಯಾಬಿನ ಬಾಗಿಲಲ್ಲೇ ನಿಂತಿದ್ದರು. ಖಾಜಾಸಾಬರು ಕಣ್ಣು ಇಟ್ಟವರು ತೆಗೆಯಲೇ ಇಲ್ಲ. ಆಮೇಲೆ ಕೂಗಿದರು: “ಸಿಕ್ತು ಸಾಬ್! ಮಲೇರಿಯಾ! ಅದರ ಹುಳದ ಉಂಗುರ ಸಾಫ್ ಕಾಣತಾವ. ಬಿಳಿ ಕಣ ಎಲ್ಲಾ ಛಲೋ ಅದಾವ, ಹೆಚ್ಚಿಲ್ಲ.”

ಮಲೇರಿಯಾ ಬಂತೆಂದು ಒಂದು ಆಸ್ಪತ್ರೆ ಹಿಗ್ಗಿದ್ದನ್ನು ನಾನು ನನ್ನ ನೌಕರಿಯಲ್ಲಿ ಅದೊಂದೇ ಸಲ ಕಂಡದ್ದು. ಡಾಕ್ಟರು ದುರುಗವ್ವನಿಗೆ ಚಹಾ ತರಿಸಿ ಕೊಟ್ಟರು. ಅಷ್ಟು ದಿನ ಬೇಡವೆಂದ ಕಹಿ ಗುಳಿಗೆಯನ್ನೇ ಗಿರಿಜವ್ವನಿಗೆ ನುಂಗಿಸಿದೆವು. ಇನ್ನಷ್ಟು ತಡವಾಗಿದ್ದರೆ ಆ ಮೈಯನ್ನು ಕೆಡವಲು ಕಾಲುವೆ ಜ್ವರವೇ ಸಾಕಾಗುತ್ತಿತ್ತು. ಅವಳಿಗೆ ಮಾತ್ರ ನಿರಾಶೆ. “ಬರೇ ಮಲೇರಿಯಾ ಏನ್ರಿ?” ಎಂದು ಮುಖ ಸಣ್ಣದು ಮಾಡಿದಳು.

ಅಂದಿನಿಂದ ನಾನು ನನ್ನ ಕೈಕೆಳಗೆ ಬಂದ ಹುಡುಗಿಯರಿಗೆಲ್ಲ ಒಂದು ಮಾತು ಹೇಳುತ್ತ ಬಂದೆ. ಜ್ವರ ಬಂದಿದೆ ಎಂದು ಬರೆಯಬೇಡಿ, ಯಾವ ಜ್ವರ ಎಂದು ಕೇಳಿ. ಔಷಧವೇ ಜ್ವರ ತರುವಾಗ ಎರಡು ತಪ್ಪುಗಳು ಕಾದಿರುತ್ತವೆ: ಔಷಧದ ಜ್ವರಕ್ಕೆ ಹೆದರಿ ಔಷಧ ಬಿಡುವುದು, ಔಷಧದ ಜ್ವರವೆಂದು ನೆಚ್ಚಿ ಬೇರೆ ಜ್ವರವನ್ನು ಮನೆಗೆ ಸೇರಿಸಿಕೊಳ್ಳುವುದು. ನಾವು ಎರಡನ್ನೂ ಕಂಡೆವು. ರಕ್ತದ ಕ್ಯಾನ್ಸರಿಗೆ ಬಿ.ಸಿ.ಜಿ.ಯಿಂದ ಎಣಿಸಿದಷ್ಟು ಉಪಯೋಗವಿಲ್ಲವೆಂದು ಮುಂದೆ ದೊಡ್ಡವರು ಅದನ್ನು ಕೈಬಿಟ್ಟರು. ಮೈಯ ಕಾವಲುಗಾರರನ್ನು ಎಬ್ಬಿಸಬೇಕೆಂಬ ಆಸೆಯನ್ನು ಬಿಡಲಿಲ್ಲ, ಅದೇ ಈಗ ಬೇರೆ ವೇಷದಲ್ಲಿ ಬಂದಿದೆ ಎಂದು ಆ ಚೂಟಿ ಹುಡುಗಿಯ ಮಾತು ಕೇಳಿ ಅನ್ನಿಸಿತು.

ಗಿರಿಜವ್ವ ಆ ವರ್ಷ ಚೆನ್ನಾಗಿಯೇ ಇದ್ದಳು. ಕೂದಲು ಬೆಳೆದು ಜಡೆಯಾಯಿತು. ಜೋಳದ ಸುಗ್ಗಿಯ ಹೊತ್ತಿಗೆ ಮತ್ತೆ ಜ್ವರ ಎಂದು ಸುದ್ದಿ ಬಂತು. ಈ ಸಲ ಮುಚ್ಚಿಡಲಿಲ್ಲ, ತಾನೇ ಹೇಳಿ ಕಳಿಸಿದ್ದಳು. ಲಸಿಕೆ ಹಾಕಿ ಬಹಳ ದಿನಗಳಾಗಿದ್ದವು. ರಕ್ತ ತೆಗೆದುಕೊಂಡು ಬಂದೆ. ಖಾಜಾಸಾಬರು ಒಂದು ಪಟ್ಟಿ ನೋಡಿದರು, ಇನ್ನೊಂದು ನೋಡಿದರು. ಈ ಸಲ ಕೂಗಲಿಲ್ಲ. ಎದ್ದು ಕುರ್ಚಿಯನ್ನು ಡಾಕ್ಟರರಿಗೆ ಬಿಟ್ಟುಕೊಟ್ಟರು. “ಉಂಗುರ ಇಲ್ಲ ಸಾಬ್. ಬಿಳಿ ಕಣಾನ ತುಂಬ್ಯಾವ,” ಎಂದು ಕಿಟಕಿಯ ಕಡೆಗೆ ತಿರುಗಿದರು.

ಹೇಳಲು ನಾನೇ ಹೋದೆ, ಡಾಕ್ಟರು ಬರುತ್ತೇನೆಂದರೂ ನಾನೇ ಬೇಡವೆಂದೆ. ದಾರಿಯುದ್ದಕ್ಕೂ ಯಾವ ಮಾತಿನಿಂದ ಶುರು ಮಾಡಲಿ ಎಂದು ಯೋಚಿಸಿದೆ. ಅಗತ್ಯವೇ ಬೀಳಲಿಲ್ಲ. ಗಿರಿಜವ್ವ ಗೋಡೆಗೆ ಒರಗಿ ಕೂತಿದ್ದಳು, ತೋಳಿನ ಸೆರಗು ಸರಿಸಿ ಹಳೆಯ ಕಲೆಗಳನ್ನು ತೋರಿಸಿದಳು. ಒಣಗಿ ಬೆಳ್ಳಗಾಗಿದ್ದವು.

“ಇವು ಸುಮ್ನ ಅದಾವ್ರಿ. ಅಂದ್ರ ಸೂಜಿದಲ್ಲ. ಖಾಜಾಸಾಬರು ಏನಂದ್ರು? ಕಾಲುವಿದ ಏನ್ರಿ?”

“ಅಲ್ಲವಾ.”

ಅವಳು ಸೆರಗನ್ನು ಮತ್ತೆ ತೋಳಿನ ಮೇಲೆ ಎಳೆದುಕೊಂಡಳು.

“ಹಂಗಾರ ಇದು ನಂದು. ಹೌದಿಲ್ರಿ ಅಕ್ಕಾರ?”

ರೋಗಿಗೆ ಧೈರ್ಯ ಹೇಳಬೇಕು, ಸುಳ್ಳಾದರೂ ಸರಿ ಎಂದು ನಮಗೆ ಕಲಿಸಿದ್ದರು. ನನ್ನ ಬಾಯಿಂದ ಸುಳ್ಳು ಬರಲಿಲ್ಲ. ಯಾವ ಜ್ವರ ಎಂದು ಕೇಳುವುದನ್ನು ನಾವೆಲ್ಲ ಸೇರಿ ಕಲಿತಿದ್ದೆವು. ಅವಳ ಸರದಿ ಬಂದಾಗ ಉತ್ತರ ಬಚ್ಚಿಡುವುದು ಹೇಗೆ?

“ಹೌದವಾ,” ಎಂದೆ. ನನಗೆ ಅಳು ತಡೆಯಲಾಗಲಿಲ್ಲ. ದುರುಗವ್ವ ಸೊಸೆಯ ಕಾಲ ಬಳಿ ಕೂತು ಪಾದ ಒತ್ತತೊಡಗಿದಳು. ಅಳದಿದ್ದವಳು ಗಿರಿಜವ್ವ ಒಬ್ಬಳೇ.

“ಮುಂಬೈ ಡಾಕ್ಟರಿಗೆ ಬರೀರಿ,” ಎಂದಳು. “ಎಲ್ಲಾ ಬರೀರಿ. ಯಾವ ಜ್ವರ ಹ್ಯಾಂಗ ಬಂತು, ಗಾಯ ಹ್ಯಾಂಗಿದ್ದು, ನಾ ಎಲ್ಲಿ ತಪ್ಪು ತಿಳಕೊಂಡೆ ಅನ್ನೋದೂ ಬರೀರಿ. ಮುಂದಿನಾಕಿಗೆ ಬೇಕಾಗತೈತಿ.”